ಹನ್ನೆರಡು ಜನರ ಆಫೀಸಿಗೆ ಸ್ಲ್ಯಾಕ್: ಮೊದಲ ದಿನದಿಂದಲೇ ಸರಿಯಾಗಿ ಶುರು ಮಾಡುವುದು

ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ನಡೆಯುತ್ತಿದ್ದ ಆಫೀಸಿನ ಕೆಲಸವನ್ನು ತಂಡದ ಮಾತುಕತೆಗೆಂದೇ ಇರುವ ಆಪ್ ಆದ ಸ್ಲ್ಯಾಕ್‌ಗೆ ತರುವಾಗ ಎಷ್ಟೋ ಕಡೆ ಮೊದಲು ಎಲ್ಲರಿಗೂ ಇನ್ವೈಟ್ ಹೋಗುತ್ತದೆ. ಅದು ಕೊನೆಗೆ ಆಗಬೇಕಾದ ಕೆಲಸ. ಯಾವ ಮಾತನ್ನು ಎಲ್ಲಿ ಬರೆಯಬೇಕೆಂದು ಒಳಗೆ ಬಂದವರಿಗೆ ತಿಳಿಯದಿದ್ದರೆ ವಾರ ಕಳೆಯುವುದರೊಳಗೆ ಅರ್ಧ ಜನ ಹಳೆಯ ಗ್ರೂಪಿಗೆ ಮರಳುತ್ತಾರೆ. ಆಮೇಲೆ ಎರಡೂ ಕಡೆ ನೋಡುವ ಕಷ್ಟ ಎಲ್ಲರಿಗೂ. ಇನ್ವೈಟ್ ಕಳಿಸುವ ಮುಂಚೆ ಒಬ್ಬರು ಕೂತು ಎರಡು ಗಂಟೆ ಸಿದ್ಧತೆ ಮಾಡಿದರೆ ಇದನ್ನು ತಪ್ಪಿಸಬಹುದು.

ಉದಾಹರಣೆಗೆ ಮೈಸೂರಿನ ಒಂದು ಕಟ್ಟಡ ಕಂಟ್ರಾಕ್ಟರ್ ಆಫೀಸನ್ನು ಇಟ್ಟುಕೊಳ್ಳೋಣ. ಹನ್ನೆರಡು ಜನ, ಮೂರು ಸೈಟು. ಪ್ರತಿ ಸೈಟಿಗೆ ಒಬ್ಬ ಎಂಜಿನಿಯರ್, ಒಬ್ಬ ಸೂಪರ್‌ವೈಸರ್. ಖರೀದಿಗೆ ಒಬ್ಬರು, ಅಕೌಂಟ್ಸಿಗೆ ಇಬ್ಬರು, ಡ್ರಾಯಿಂಗಿಗೆ ಇಬ್ಬರು, ಜೊತೆಗೆ ಮಾಲೀಕರು. ಆಪ್‌ನ ಮೆನು, ಚಾನೆಲ್ (ಒಂದೊಂದು ಕೆಲಸದ ಮಾತುಕತೆಗೆ ಇರುವ ಜಾಗ) ಹೆಸರು, ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ವರ್ಕ್‌ಸ್ಪೇಸ್ ತೆರೆಯುವುದು

ವರ್ಕ್‌ಸ್ಪೇಸ್ ಅಂದರೆ ನಿಮ್ಮ ಸಂಸ್ಥೆಯ ಇಡೀ ಸ್ಲ್ಯಾಕ್. ಅದನ್ನು ಯಾರ ಇಮೇಲ್‌ನಿಂದ ತೆರೆಯುತ್ತೀರೋ ಅವರು ಪ್ರೈಮರಿ ಓನರ್, ಅಂದರೆ ಅದರ ಮೇಲೆ ಪೂರ್ತಿ ಹಕ್ಕಿರುವವರು, ಆಗುತ್ತಾರೆ. ಆ ಹಕ್ಕನ್ನು ಬೇರೆಯವರಿಗೆ ವರ್ಗಾಯಿಸುವುದಕ್ಕೂ ಅವರೇ ಬೇಕು. ಕಂಪ್ಯೂಟರ್ ಚೆನ್ನಾಗಿ ಬರುತ್ತದೆ ಎಂದು ಮೊನ್ನೆ ಸೇರಿದ ಹುಡುಗನ ಸ್ವಂತ ಜಿಮೇಲ್‌ನಿಂದ ತೆರೆಸಿದರೆ, ಅವನು ಕೆಲಸ ಬಿಟ್ಟ ದಿನ ಬೀಗದ ಕೈಯೂ ಅವನ ಜೊತೆಗೇ ಹೋಗುತ್ತದೆ. ಮಾಲೀಕರ ಇಮೇಲ್ ಅಥವಾ ಸಂಸ್ಥೆಯ ಹೆಸರಿನ ಇಮೇಲ್ ಬಳಸಿ.

1. ಸ್ಲ್ಯಾಕ್ ಡಾಟ್ ಕಾಮ್‌ಗೆ ಹೋಗಿ ಹೊಸ ವರ್ಕ್‌ಸ್ಪೇಸ್ ಆಯ್ಕೆ ಮಾಡಿ, ಇಮೇಲ್ ಕೊಡಿ. ಬಂದ ಕೋಡ್ ಹಾಕಿ. ಕೋಡ್ ಕಾಣದಿದ್ದರೆ ಸ್ಪ್ಯಾಮ್ ಫೋಲ್ಡರ್ ನೋಡಿ.
2. ಸಂಸ್ಥೆಯ ಹೆಸರು ಹಾಕಿ. ಸಹೋದ್ಯೋಗಿಗಳ ಇಮೇಲ್ ಕೇಳುವ ಪರದೆ ಬಂದಾಗ ಸ್ಕಿಪ್ ಮಾಡಿ.
3. ಕಂಪ್ಯೂಟರಿಗೆ ಡೆಸ್ಕ್‌ಟಾಪ್ ಆಪ್ ಇಳಿಸಿಕೊಳ್ಳಿ. ಬ್ರೌಸರ್‌ನಲ್ಲೂ ನಡೆಯುತ್ತದೆ, ಆದರೆ ಟ್ಯಾಬ್ ಮುಚ್ಚಿದರೆ ನೋಟಿಫಿಕೇಶನ್ ಬರುವುದಿಲ್ಲ.
4. ಎರಡು ಹಂತದ ಲಾಗಿನ್ ಆನ್ ಮಾಡಿ. ನಂಬಿಕೆಯ ಇನ್ನೊಬ್ಬರು ಸೇರಿದ ಮೇಲೆ ಅವರನ್ನೂ ಓನರ್ ಮಾಡಿ.

ಉಚಿತ ಪ್ಲಾನ್‌ನಲ್ಲಿ ಏನು ಉಳಿಯುತ್ತದೆ, ಏನು ಹೋಗುತ್ತದೆ

ಶುರುವಿಗೆ ಉಚಿತ ಪ್ಲಾನ್ ಸಾಕು. ಅದರ ಮಿತಿಗಳನ್ನು ಮಾತ್ರ ಮೊದಲೇ ತಿಳಿದಿರಬೇಕು. ಕಳೆದ 90 ದಿನಗಳ ಮೆಸೇಜು ಮತ್ತು ಫೈಲುಗಳಷ್ಟೇ ಕಾಣುತ್ತವೆ. ಅದಕ್ಕೂ ಹಳೆಯವು ಮರೆಯಾಗಿರುತ್ತವೆ, ದುಡ್ಡು ಕಟ್ಟಿದರೆ ಮತ್ತೆ ಕಾಣುತ್ತವೆ. ಆದರೆ ಒಂದು ವರ್ಷ ದಾಟಿದವನ್ನು 2024ರ ಆಗಸ್ಟ್‌ನಿಂದ ಸ್ಲ್ಯಾಕ್ ಶಾಶ್ವತವಾಗಿ ಅಳಿಸುತ್ತಿದೆ; ಆಮೇಲೆ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಹೊರಗಿನ ಆಪ್‌ಗಳನ್ನು 10ರವರೆಗೆ ಜೋಡಿಸಬಹುದು. ಹಡಲ್ ಎಂಬ ಕರೆಯಲ್ಲಿ ಇಬ್ಬರೇ ಮಾತಾಡಬಹುದು.

ಆದ್ದರಿಂದ ಬೆಲೆ ಒಪ್ಪಂದ, ಬಿಲ್ಲು, ಗ್ರಾಹಕರು ಒಪ್ಪಿದ ಡ್ರಾಯಿಂಗ್ ಯಾವುದನ್ನೂ ಸ್ಲ್ಯಾಕ್ ಒಂದರಲ್ಲೇ ಬಿಡಬೇಡಿ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ಇರುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಅದರ ಮುಂದೆ 90 ದಿನ ಏನೇನೂ ಅಲ್ಲ. ಫೈಲುಗಳನ್ನು ಗೂಗಲ್ ಡ್ರೈವ್‌ನಂಥ ಕಡೆ ಸೈಟುವಾರು ಫೋಲ್ಡರ್ ಮಾಡಿ ಇಡಿ, ಸ್ಲ್ಯಾಕ್‌ನಲ್ಲಿ ಅದರ ಲಿಂಕ್ ಮಾತ್ರ ಹಾಕಿ. ಫೋಲ್ಡರಿನ ಲಿಂಕನ್ನು ಆಯಾ ಚಾನೆಲ್‌ನ ಡಿಸ್ಕ್ರಿಪ್ಶನ್‌ನಲ್ಲಿ ಬರೆದಿಟ್ಟರೆ ಯಾರೂ ಕೇಳಿಕೊಂಡು ಬರುವ ಪ್ರಮೇಯವಿರುವುದಿಲ್ಲ.

ಪೇಯ್ಡ್ ಪ್ಲಾನ್‌ಗೆ ಹೋಗುವುದಾದರೆ ಲೆಕ್ಕ ತಲೆಗಿಷ್ಟು. ಹನ್ನೆರಡು ಜನರಲ್ಲಿ ಐವರಿಗೆ ಮಾತ್ರ ಕಟ್ಟುತ್ತೇವೆ ಎಂದರೆ ನಡೆಯುವುದಿಲ್ಲ.

ಚಾನೆಲ್‌ಗಳು: ಇಲ್ಲಿ ಸಮಯ ಕೊಡಿ

ಸ್ಲ್ಯಾಕ್ ಉಪಯೋಗಕ್ಕೆ ಬರುತ್ತದೋ ಇಲ್ಲವೋ ಎಂಬುದು ಬಹುಪಾಲು ಚಾನೆಲ್‌ಗಳನ್ನು ಹೇಗೆ ಮಾಡಿದ್ದೀರಿ ಎಂಬುದರ ಮೇಲೇ ನಿಂತಿದೆ. ವಾಟ್ಸ್ಆ್ಯಪ್‌ನಲ್ಲಿ ಗ್ರೂಪು ಆಗುವುದು ಜನರನ್ನು ನೋಡಿ: ಎಂಜಿನಿಯರುಗಳು, ಆಫೀಸಿನವರು, ಎಲ್ಲರೂ. ಸ್ಲ್ಯಾಕ್ ಚಾನೆಲ್ ಆಗಬೇಕಾದ್ದು ಕೆಲಸವನ್ನು ನೋಡಿ. ಬೋಗಾದಿ ಸೈಟಿನ ಸಿಮೆಂಟು, ಸೆಂಟ್ರಿಂಗ್, ಗ್ರಾಹಕರ ದೂರು ಎಲ್ಲವೂ ಬೋಗಾದಿಯ ಚಾನೆಲ್‌ನಲ್ಲೇ ಇದ್ದರೆ, ನಾಳೆ ಆ ಸೈಟಿಗೆ ಹೊಸ ಎಂಜಿನಿಯರ್ ಬಂದಾಗ ಅವರು ಮೇಲಿಂದ ಕೆಳಕ್ಕೆ ಓದಿಕೊಂಡು ಕೆಲಸ ಹಿಡಿಯಬಹುದು.

ನಮ್ಮ ಉದಾಹರಣೆಯ ಆಫೀಸಿಗೆ ಇಷ್ಟು ಸಾಕು: #ಸೈಟ್-ಬೋಗಾದಿ, #ಸೈಟ್-ವಿಜಯನಗರ, #ಸೈಟ್-ಹೂಟಗಳ್ಳಿ, #ಖರೀದಿ, #ಡ್ರಾಯಿಂಗ್, #ಅಕೌಂಟ್ಸ್. ಇವಲ್ಲದೆ ಎಲ್ಲರೂ ಇರುವ ಒಂದು ಚಾನೆಲ್ ಮತ್ತು ಹರಟೆಗೆ ಒಂದು ಚಾನೆಲ್ ವರ್ಕ್‌ಸ್ಪೇಸ್ ಜೊತೆಗೇ ಬಂದಿರುತ್ತವೆ. ಹರಟೆಯ ಚಾನೆಲ್ ತೆಗೆಯಬೇಡಿ. ಹುಟ್ಟುಹಬ್ಬ, ಕ್ರಿಕೆಟ್, ಹಬ್ಬದ ಫೋಟೊಗಳಿಗೆ ಜಾಗವಿಲ್ಲದಿದ್ದರೆ ಅವೆಲ್ಲ ಸೈಟಿನ ಚಾನೆಲ್‌ಗೇ ಬರುತ್ತವೆ.

ಚಾನೆಲ್ ಹೆಸರನ್ನು ಇಂಗ್ಲಿಷಿನಲ್ಲಿ ಕೊಡುವಾಗ ಸಣ್ಣಕ್ಷರಗಳನ್ನೇ ಬಳಸಬೇಕು, ನಡುವೆ ಖಾಲಿ ಜಾಗ ಬಿಡುವಂತಿಲ್ಲ, ಅದರ ಬದಲು ಅಡ್ಡಗೆರೆ ಹಾಕಿ. 80 ಅಕ್ಷರಗಳವರೆಗೆ ಅವಕಾಶವಿದೆ, ಆದರೆ ಫೋನಿನಲ್ಲಿ ಪೂರ್ತಿ ಕಾಣಬೇಕಾದರೆ ಇಪ್ಪತ್ತರ ಒಳಗಿರಲಿ. ಒಂದೇ ಬಗೆಯ ಚಾನೆಲ್‌ಗಳಿಗೆ ಒಂದೇ ಮುಂಪದ ಕೊಟ್ಟರೆ ಪಟ್ಟಿಯಲ್ಲಿ ಒಟ್ಟಿಗೆ ನಿಲ್ಲುತ್ತವೆ. ಮೇಲಿನ "ಸೈಟ್-" ಅದಕ್ಕಾಗಿಯೇ.

ಪಬ್ಲಿಕ್ ಚಾನೆಲ್ ಅಂದರೆ ಲೋಕಕ್ಕೆಲ್ಲ ಕಾಣುತ್ತದೆ ಎಂದಲ್ಲ, ವರ್ಕ್‌ಸ್ಪೇಸ್‌ನ ಸದಸ್ಯರು ಯಾರು ಬೇಕಾದರೂ ಸೇರಬಹುದು ಎಂದಷ್ಟೇ. ಬೀಗದ ಗುರುತಿರುವ ಪ್ರೈವೇಟ್ ಚಾನೆಲ್ ಅದರ ಸದಸ್ಯರಿಗಷ್ಟೇ ಕಾಣುತ್ತದೆ. ಸಂಬಳ, ಬಾಕಿ ವಸೂಲಿ ಇರುವುದರಿಂದ #ಅಕೌಂಟ್ಸ್ ಪ್ರೈವೇಟ್ ಇರಲಿ, ಉಳಿದದ್ದೆಲ್ಲ ಪಬ್ಲಿಕ್. ಎಲ್ಲಕ್ಕೂ ಬೀಗ ಹಾಕಿದರೆ ಖರೀದಿಯವರಿಗೆ ಸೈಟಿನ ಮಾತು ಕಾಣದೆ ಮತ್ತೆ ಫೋನ್ ಮಾಡಿ ಕೇಳಬೇಕಾಗುತ್ತದೆ.

ಸೈಟ್ ಹಸ್ತಾಂತರವಾದ ಮೇಲೆ ಚಾನೆಲ್ ಡಿಲೀಟ್ ಮಾಡಬೇಡಿ, ಆರ್ಕೈವ್ ಮಾಡಿ. ಪಟ್ಟಿಯಿಂದ ಹೋಗುತ್ತದೆ, ಹುಡುಕಿದರೆ ಸಿಗುತ್ತದೆ.

ಇನ್ವೈಟ್ ಕಳಿಸುವ ದಿನ

ಸ್ಲ್ಯಾಕ್‌ಗೆ ಫೋನ್ ನಂಬರ್ ಸಾಲದು, ಇಮೇಲ್ ಬೇಕು. ಸೈಟಿನ ಸೂಪರ್‌ವೈಸರುಗಳಲ್ಲಿ ಕೆಲವರು "ನನಗೆ ಇಮೇಲ್ ಇಲ್ಲ ಸಾರ್" ಅನ್ನುತ್ತಾರೆ. ಆಂಡ್ರಾಯ್ಡ್ ಫೋನಿನಲ್ಲಿ ಪ್ಲೇ ಸ್ಟೋರ್‌ನಿಂದ ಆಪ್ ಇಳಿಸಿಕೊಳ್ಳುತ್ತಿದ್ದಾರೆ ಅಂದರೆ ಒಂದು ಗೂಗಲ್ ಖಾತೆ ಇದ್ದೇ ಇರುತ್ತದೆ. ಪ್ಲೇ ಸ್ಟೋರ್‌ನ ಮೇಲ್ಮೂಲೆಯ ಚಿತ್ರ ಒತ್ತಿದರೆ ವಿಳಾಸ ಕಾಣುತ್ತದೆ. ಅದನ್ನು ಅಕ್ಷರ ತಪ್ಪದಂತೆ ಬರೆದುಕೊಂಡು ಇನ್ವೈಟ್ ಕಳಿಸಿ. ಇನ್ವೈಟ್ 30 ದಿನಕ್ಕೆ ರದ್ದಾಗುತ್ತದೆ. ಆಮೇಲೆ ಹೊಸದು ಕಳಿಸಬೇಕು.

ಎಲ್ಲರನ್ನೂ ಅರ್ಧ ಗಂಟೆ ಒಂದೆಡೆ ಕೂರಿಸಿ ಫೋನಿನಲ್ಲಿ ಲಾಗಿನ್ ಮಾಡಿಸಿ. ಪ್ರತಿಯೊಬ್ಬರೂ ಪೂರ್ತಿ ಹೆಸರು ಮತ್ತು ಮುಖದ ಫೋಟೊ ಹಾಕಲಿ. ಇಬ್ಬರು ಮಂಜು ಇರುವ ಆಫೀಸಿನಲ್ಲಿ "ಮಂಜು" ಎಂದಷ್ಟೇ ಇದ್ದರೆ ಮೆಸೇಜ್ ಬೇರೆಯವರಿಗೆ ಹೋಗುತ್ತದೆ.

ಅದೇ ದಿನ ಹಳೆಯ ವಾಟ್ಸ್ಆ್ಯಪ್ ಗ್ರೂಪಿನ ಸೆಟ್ಟಿಂಗ್ಸ್‌ನಲ್ಲಿ ಮೆಸೇಜ್ ಕಳಿಸುವ ಅವಕಾಶ ಅಡ್ಮಿನ್‌ಗಳಿಗೆ ಮಾತ್ರ ಇರುವಂತೆ ಮಾಡಿ. ಗ್ರೂಪ್ ಅಳಿಸುವುದು ಬೇಡ, ಹಳೆಯ ಫೋಟೊ ಬೇಕಾದೀತು. ಇದೊಂದು ಮಾಡದೆ ಬರೀ "ಇನ್ನು ಮೇಲೆ ಸ್ಲ್ಯಾಕ್‌ನಲ್ಲಿ ಬರೆಯಿರಿ" ಅಂದರೆ ಯಾರೂ ಬದಲಾಗುವುದಿಲ್ಲ.

ಮೆಸೇಜ್ ಬರೆಯುವ ಬಗೆ

"ಸರ್" ಒಂದು ಮೆಸೇಜು, "ಸಿಮೆಂಟ್ ಖಾಲಿ" ಇನ್ನೊಂದು, "ನಾಳೆ ಬೇಕು" ಮತ್ತೊಂದು. ಮೂರು ಸಲ ಫೋನ್ ಸದ್ದು ಮಾಡುತ್ತದೆ, ಎಷ್ಟು ಚೀಲ ಎಂಬುದು ಮಾತ್ರ ತಿಳಿಯುವುದಿಲ್ಲ. ಅದರ ಬದಲು #ಸೈಟ್-ಬೋಗಾದಿಯಲ್ಲಿ ಒಂದೇ ಮೆಸೇಜು ಹೀಗಿರಲಿ:

"ನಾಳೆ ಬೆಳಗ್ಗೆ 8ಕ್ಕೆ 50 ಚೀಲ ಸಿಮೆಂಟ್ ಬೇಕು, ಮೊದಲ ಮಹಡಿ ಸ್ಲ್ಯಾಬಿಗೆ. ಇಳಿಸಲು ಜನ ಇದ್ದಾರೆ. @ಮಂಜುನಾಥ್ ಅವರೇ, ಆರ್ಡರ್ ಆದ ಮೇಲೆ ಇವತ್ತು 5 ಗಂಟೆಯೊಳಗೆ ಇಲ್ಲೇ ತಿಳಿಸಿ."

ಏನು, ಎಷ್ಟು, ಯಾವಾಗ, ಯಾರಿಂದ, ಎಷ್ಟರೊಳಗೆ ಎಲ್ಲವೂ ಇದೆ. ಮಂಜುನಾಥ್ ಉತ್ತರ ಕೊಡುವಾಗ ಮೆಸೇಜಿನ ಮೇಲೆ "ರಿಪ್ಲೈ ಇನ್ ಥ್ರೆಡ್" ಒತ್ತಿ ಬರೆಯಬೇಕು. ಲಾರಿ ನಂಬರ್, ಡ್ರೈವರ್ ಫೋನ್, ಚಲನ್ ಫೋಟೊ ಎಲ್ಲ ಆ ಥ್ರೆಡ್‌ನೊಳಗೇ ಬರುತ್ತದೆ, ಚಾನೆಲ್‌ನಲ್ಲಿ ಒಂದೇ ಸಾಲು ಕಾಣುತ್ತದೆ. ಎಲ್ಲರಿಗೂ ತಿಳಿಯಬೇಕಾದ ನಿರ್ಧಾರ ಥ್ರೆಡ್‌ನಲ್ಲಿ ಆಗಿದ್ದರೆ, ಆ ಉತ್ತರ ಕಳಿಸುವಾಗ ಕೆಳಗಿರುವ "ಆಲ್ಸೋ ಸೆಂಡ್ ಟು" ಚೌಕಕ್ಕೆ ಟಿಕ್ ಹಾಕಿ; ಚಾನೆಲ್‌ನಲ್ಲೂ ಕಾಣುತ್ತದೆ. ಹೊಸಬರಿಗೆ ಥ್ರೆಡ್ ಅಭ್ಯಾಸವಾಗಲು ಎರಡು ವಾರ ಬೇಕಾಗಬಹುದು. ಹೊರಗೆ ಬರೆದವರಿಗೆ ಬೈಯದೆ, ಅವರ ಮಾತಿಗೆ ನೀವು ಥ್ರೆಡ್‌ನಲ್ಲೇ ಉತ್ತರಿಸುತ್ತಾ ಬನ್ನಿ.

"ಓಕೆ", "ನೋಡಿದೆ ಸರ್" ಬದಲಿಗೆ ಎಮೋಜಿ ಒತ್ತುವುದನ್ನು ರೂಢಿ ಮಾಡಿ. ಕಣ್ಣಿನ ಗುರುತು ಅಂದರೆ ನೋಡಿಕೊಳ್ಳುತ್ತಿದ್ದೇನೆ, ಟಿಕ್ ಗುರುತು ಅಂದರೆ ಕೆಲಸ ಮುಗಿಯಿತು. ಇವೆರಡೇ ಸಾಕು, ಎಲ್ಲರಿಗೂ ಅರ್ಥ ಒಂದೇ ಇರಬೇಕು.

ಎಂಟರ್ ಒತ್ತಿದೊಡನೆ ಮೆಸೇಜ್ ಹೋಗಿಬಿಡುವುದು ಹೊಸಬರ ದೊಡ್ಡ ತೊಂದರೆ. ಹೊಸ ಸಾಲಿಗೆ ಶಿಫ್ಟ್ ಮತ್ತು ಎಂಟರ್ ಒಟ್ಟಿಗೆ ಒತ್ತಬೇಕು. ಕನ್ನಡ ಟೈಪ್ ಮಾಡುವಾಗ ಸಲಹೆಯ ಪಟ್ಟಿಯಿಂದ ಪದ ಆರಿಸಲು ಎಂಟರ್ ಬಳಸುವವರು ಪ್ರಿಫರೆನ್ಸಸ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿ ಎಂಟರ್ ಒತ್ತಿದರೆ ಹೊಸ ಸಾಲು ಬರುವ ಆಯ್ಕೆಯನ್ನು ಹಾಕಿಕೊಳ್ಳಲಿ. ಆಗ ಕಂಟ್ರೋಲ್ ಮತ್ತು ಎಂಟರ್ ಒತ್ತಿದಾಗ ಮಾತ್ರ ಮೆಸೇಜ್ ಹೋಗುತ್ತದೆ.

ಕೆಲಸದ ಮಾತನ್ನು ಖಾಸಗಿ ಮೆಸೇಜಿನಲ್ಲಿ ಮುಗಿಸುವ ಚಾಳಿಯನ್ನು ಮಾಲೀಕರೇ ಮೊದಲು ಬಿಡಬೇಕು. ಯಾರಾದರೂ "ವಿಜಯನಗರದ ಟೈಲ್ಸ್ ಯಾವಾಗ ಬರುತ್ತೆ?" ಎಂದು ನೇರ ಕೇಳಿದರೆ, "ಇದನ್ನು ಸೈಟ್ ಚಾನೆಲ್‌ನಲ್ಲಿ ಕೇಳಿ, ಅಲ್ಲೇ ಉತ್ತರ ಕೊಡ್ತೀನಿ" ಅನ್ನಿ. ಅದೇ ಪ್ರಶ್ನೆ ಇನ್ನೂ ಇಬ್ಬರ ತಲೆಯಲ್ಲಿ ಇರುತ್ತದೆ.

ನೋಟಿಫಿಕೇಶನ್

@ಚಾನೆಲ್ ಎಂದು ಬರೆದರೆ ಆ ಚಾನೆಲ್‌ನ ಎಲ್ಲರಿಗೂ ಸೂಚನೆ ಹೋಗುತ್ತದೆ. @ಹಿಯರ್ ಎಂದರೆ ಆ ಹೊತ್ತಿಗೆ ಆಪ್‌ನಲ್ಲಿ ಸಕ್ರಿಯರಾಗಿರುವವರಿಗೆ ಮಾತ್ರ. ಸೈಟಿನಲ್ಲಿ ಓಡಾಡುತ್ತಿರುವವರು ಹೆಚ್ಚಿನ ಹೊತ್ತು ಸಕ್ರಿಯರಾಗಿ ಕಾಣುವುದಿಲ್ಲವಾದ್ದರಿಂದ ಅವರಿಗೆ @ಹಿಯರ್ ಮುಟ್ಟುವುದಿಲ್ಲ; ಹೆಸರು ಹಿಡಿದೇ ಕರೆಯಿರಿ.

ಪ್ರತಿಯೊಬ್ಬರ ನೋಟಿಫಿಕೇಶನ್ ಆಯ್ಕೆ "ನೇರ ಮೆಸೇಜು, ನನ್ನ ಹೆಸರು, ಕೀವರ್ಡ್" ಎಂಬಲ್ಲಿರಲಿ. ಎಲ್ಲ ಮೆಸೇಜಿಗೂ ಸದ್ದು ಬರುವಂತಿದ್ದರೆ ಮೂರನೇ ದಿನಕ್ಕೆ ಜನ ಪೂರ್ತಿ ಮ್ಯೂಟ್ ಮಾಡುತ್ತಾರೆ. ಕೀವರ್ಡ್ ಬಹಳ ಉಪಯುಕ್ತ: ಅಕೌಂಟ್ಸಿನವರು "ಬಿಲ್", "ಅಡ್ವಾನ್ಸ್" ಎಂದು ಹಾಕಿಕೊಂಡರೆ ಅವರಿರುವ ಯಾವ ಚಾನೆಲ್‌ನಲ್ಲಿ ಆ ಪದ ಬಂದರೂ ತಿಳಿಯುತ್ತದೆ. ನೋಟಿಫಿಕೇಶನ್ ಬರುವ ಹೊತ್ತನ್ನು ಬೆಳಗ್ಗೆ 8ರಿಂದ ಸಂಜೆ 7 ಎಂದು ನಿಗದಿ ಮಾಡಿ. ರಾತ್ರಿ ಹೊಳೆದದ್ದನ್ನು ಆಗಲೇ ಬರೆಯಬೇಕೆನಿಸಿದರೆ ಕಳಿಸುವ ಬಟನ್ ಪಕ್ಕದ ಬಾಣ ಒತ್ತಿ ಬೆಳಗ್ಗೆ ಹೋಗುವಂತೆ ಶೆಡ್ಯೂಲ್ ಮಾಡಿ.

"ಫೋನಿಗೆ ಏನೂ ಬರುತ್ತಿಲ್ಲ" ಎಂಬ ದೂರಿಗೆ ಸಾಮಾನ್ಯವಾಗಿ ಮೂರು ಕಾರಣ. ಒಂದು, ಅವರ ಡೆಸ್ಕ್‌ಟಾಪ್‌ನಲ್ಲಿ ಸ್ಲ್ಯಾಕ್ ತೆರೆದಿದ್ದು ಅಲ್ಲಿ ಸಕ್ರಿಯರಾಗಿರುತ್ತಾರೆ. ಆಗ ಸೂಚನೆ ಅಲ್ಲಿಗೇ ಹೋಗುತ್ತದೆ. ಕಂಪ್ಯೂಟರಿನಲ್ಲಿ ನಿಷ್ಕ್ರಿಯರಾದ ಎಷ್ಟು ಹೊತ್ತಿಗೆ ಫೋನಿಗೆ ಬರಬೇಕು ಎಂಬುದನ್ನು ಪ್ರಿಫರೆನ್ಸಸ್‌ನಲ್ಲಿ ಬದಲಿಸಬಹುದು. ಎರಡು, ಆಂಡ್ರಾಯ್ಡ್‌ನ ಬ್ಯಾಟರಿ ಉಳಿತಾಯ ವ್ಯವಸ್ಥೆ ಆಪ್ ಅನ್ನು ಹಿನ್ನೆಲೆಯಲ್ಲಿ ನಿಲ್ಲಿಸಿರುತ್ತದೆ. ಫೋನ್ ಸೆಟ್ಟಿಂಗ್ಸ್‌ನಲ್ಲಿ ಸ್ಲ್ಯಾಕ್‌ಗೆ ಬ್ಯಾಟರಿ ನಿರ್ಬಂಧ ತೆಗೆಯಿರಿ. ಮೂರು, ಸ್ಲ್ಯಾಕ್ ಪ್ರೊಫೈಲಿನ ಟೈಮ್ ಝೋನ್ ತಪ್ಪಿರುತ್ತದೆ, ಹಾಗಾಗಿ ಆಪ್ ಹಗಲನ್ನೇ ರಾತ್ರಿ ಎಂದುಕೊಂಡು ಸುಮ್ಮನಿರುತ್ತದೆ.

ಹುಡುಕುವುದು

ಕಂಟ್ರೋಲ್ ಮತ್ತು ಕೆ ಒತ್ತಿ ಚಾನೆಲ್ ಅಥವಾ ವ್ಯಕ್ತಿಯ ಹೆಸರಿನ ಎರಡು ಅಕ್ಷರ ಬರೆದರೆ ನೇರ ಅಲ್ಲಿಗೆ ಹೋಗಬಹುದು. ಹಳೆಯ ಮಾತು ಹುಡುಕುವಾಗ "ಇನ್:" ಜೊತೆ ಚಾನೆಲ್, "ಫ್ರಮ್:" ಜೊತೆ ವ್ಯಕ್ತಿ, "ಆಫ್ಟರ್:" ಅಥವಾ "ಬಿಫೋರ್:" ಜೊತೆ ದಿನಾಂಕ ಸೇರಿಸಿದರೆ ಫಲಿತಾಂಶ ಕಿರಿದಾಗುತ್ತದೆ.

ನಮ್ಮ ಕಡೆಯ ಆಫೀಸುಗಳಿಗೆ ಇಲ್ಲೊಂದು ವಿಶೇಷ ತೊಡಕಿದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಂದೇ ಪದವನ್ನು ಹತ್ತು ಜನ ಹತ್ತು ರೀತಿ ಬರೆಯುತ್ತಾರೆ. "ಬಾಗಿಲು" ಎಂಬುದಕ್ಕೇ ನಾಲ್ಕು ಸ್ಪೆಲಿಂಗ್. ಹುಡುಕುವವರು ಐದನೆಯದನ್ನು ಬರೆದರೆ ಏನೂ ಸಿಗುವುದಿಲ್ಲ. ಇಡೀ ಮೆಸೇಜಿನ ಸ್ಪೆಲಿಂಗ್ ತಿದ್ದಲು ಹೋಗಬೇಡಿ, ಅದು ಆಗದ ಮಾತು. ಹುಡುಕಲು ಬೇಕಾಗುವ ಪದಗಳನ್ನು ಮಾತ್ರ ಗಟ್ಟಿ ಮಾಡಿ: ಗ್ರಾಹಕರ ಹೆಸರು, ಬಿಲ್ ನಂಬರ್, ಡ್ರಾಯಿಂಗ್ ನಂಬರ್, ಸಾಮಾನಿನ ಹೆಸರು. ಇವುಗಳ ಒಂದು ಪಟ್ಟಿ ಮಾಡಿ ಡ್ರೈವ್‌ನಲ್ಲಿಟ್ಟು, ಎಲ್ಲರೂ ಇರುವ ಚಾನೆಲ್‌ನ ಡಿಸ್ಕ್ರಿಪ್ಶನ್‌ನಲ್ಲಿ ಲಿಂಕ್ ಕೊಡಿ. ಫೋಟೊ ಹಾಕುವಾಗ ಜೊತೆಗೊಂದು ಸಾಲು ಬರೆಯುವುದು ಕಡ್ಡಾಯವಿರಲಿ. "ಹೂಟಗಳ್ಳಿ, ಅಡುಗೆಮನೆ ಕಿಟಕಿ, ಲಿಂಟೆಲ್ ಬಿರುಕು" ಎಂದು ಬರೆದ ಫೋಟೊ ಎರಡು ತಿಂಗಳ ನಂತರವೂ ಸಿಗುತ್ತದೆ, ಬರೀ ಫೋಟೊ ಸಿಗುವುದಿಲ್ಲ.

ಯಾರಾದರೂ ಕೆಲಸ ಬಿಟ್ಟಾಗ

ಅವರ ಖಾತೆಯನ್ನು ಕೊನೆಯ ದಿನದ ಸಂಜೆಯೇ ಡಿಆ್ಯಕ್ಟಿವೇಟ್ ಮಾಡಿ: ಅಡ್ಮಿನ್ ಮೆನು, ಮ್ಯಾನೇಜ್ ಮೆಂಬರ್ಸ್, ಹೆಸರಿನ ಮುಂದಿನ ಮೂರು ಚುಕ್ಕಿ. ಎಲ್ಲ ಸಾಧನಗಳಿಂದಲೂ ಅವರು ಹೊರಬೀಳುತ್ತಾರೆ, ಆದರೆ ಅವರು ಚಾನೆಲ್‌ಗಳಲ್ಲಿ ಬರೆದದ್ದೆಲ್ಲ ಹಾಗೇ ಇರುತ್ತದೆ. ಅದಕ್ಕೂ ಮುಂಚೆ ಅವರು ಮಾತ್ರ ಇರುವ ಪ್ರೈವೇಟ್ ಚಾನೆಲ್ ಇದೆಯೇ ಎಂದು ಕೇಳಿ, ಇದ್ದರೆ ಅದಕ್ಕೆ ಇನ್ನೊಬ್ಬರನ್ನು ಸೇರಿಸಿಕೊಳ್ಳಿ. ಪ್ರೈವೇಟ್ ಚಾನೆಲ್‌ನೊಳಗೆ ಸೇರಿಸದ ಹೊರತು ಓನರ್‌ಗೂ ಅಲ್ಲಿಯ ಮಾತು ಕಾಣುವುದಿಲ್ಲ. ಅವರ ಸ್ವಂತ ಗೂಗಲ್ ಡ್ರೈವ್‌ನಿಂದ ಹಂಚಿದ ಡ್ರಾಯಿಂಗ್‌ಗಳಿದ್ದರೆ ಅವನ್ನು ಸಂಸ್ಥೆಯ ಫೋಲ್ಡರಿಗೆ ಅದೇ ದಿನ ಕಾಪಿ ಮಾಡಿಕೊಳ್ಳಿ. ಅವರು ಹಂಚಿಕೆ ನಿಲ್ಲಿಸಿದರೆ ಸ್ಲ್ಯಾಕ್‌ನಲ್ಲಿ ಲಿಂಕ್ ಉಳಿದರೂ ಫೈಲ್ ತೆರೆಯುವುದಿಲ್ಲ.