ಲೂಯಿಸ್ ದ್ವೀಪಕ್ಕೆ ಇಬ್ಬರೇ ಹೊರಟಿದ್ದೀರಾ? ಹೊಸಬರಿಗೆ ಒಂದಿಷ್ಟು ಮಾತು

ಸ್ಕಾಟ್ಲೆಂಡಿನ ಗ್ಲಾಸ್ಗೋ, ಎಡಿನ್‌ಬರಾ, ಅಬರ್ಡೀನ್ ಕಡೆ ಹೊಸದಾಗಿ ಬಂದ ನಮ್ಮವರು ಕಾರು ಕೈಗೆ ಸಿಕ್ಕ ಕೂಡಲೇ ಸ್ಕೈ ದ್ವೀಪಕ್ಕೆ ಹೊರಡುತ್ತಾರೆ. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಬೇಸಿಗೆಯಲ್ಲಿ ಅಲ್ಲಿ ಜನವೋ ಜನ. ಗಂಡ ಹೆಂಡತಿ ಇಬ್ಬರೇ ಆರಾಮಾಗಿ ಒಂದು ದಿನ ಸುತ್ತಬೇಕು ಅಂತಿದ್ದರೆ ಇನ್ನೊಂದು ಸಮುದ್ರ ದಾಟಿ ಲೂಯಿಸ್‌ಗೆ ಹೋಗಿ.

ಉಲ್ಲಾಪೂಲ್‌ನಿಂದ ಲೂಯಿಸ್‌ನ ಮುಖ್ಯ ಊರಾದ ಸ್ಟಾರ್ನೊವೇಗೆ ಕಾರು ಸಮೇತ ಹಡಗಿದೆ, ಎರಡೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಕಾರಿನ ಜಾಗವನ್ನು ತುಂಬ ಮೊದಲೇ ಬುಕ್ ಮಾಡಿ. ಗಾಳಿ ಜೋರಾದರೆ ಹಡಗು ಬಿಡುವುದಿಲ್ಲ, ಯಾರನ್ನು ಬೈದರೂ ಪ್ರಯೋಜನವಿಲ್ಲ, ಹಾಗಾಗಿ ವಾಪಸ್ ಬರುವ ಮಾರನೇ ದಿನವೇ ಆಫೀಸಿನಲ್ಲಿ ದೊಡ್ಡ ಮೀಟಿಂಗ್ ಇಟ್ಟುಕೊಳ್ಳಬೇಡಿ. ಇನ್ನು ಲೈಸೆನ್ಸ್. ಭಾರತದ ಲೈಸೆನ್ಸ್ ಇಟ್ಟುಕೊಂಡು ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ಓಡಿಸಬಹುದು. ಆಮೇಲೆ ಪ್ರಾವಿಷನಲ್, ಅಂದರೆ ಇಲ್ಲಿನ ಕಲಿಯುವವರ ಲೈಸೆನ್ಸ್, ತೆಗೆದುಕೊಂಡು ಟೆಸ್ಟ್ ಪಾಸು ಮಾಡಲೇಬೇಕು. ದ್ವೀಪದಲ್ಲಿ ಯಾರು ಕೇಳುತ್ತಾರೆ ಅನ್ನುವ ಧೈರ್ಯ ಬೇಡ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮಗೆಲ್ಲ ಒಂದು ಚಾಳಿ ಇದೆ, ಧರ್ಮಸ್ಥಳಕ್ಕೆ ಹೋದರೆ ಅದೇ ದಿನ ಸುಬ್ರಹ್ಮಣ್ಯ, ಕಟೀಲು ಎಲ್ಲ ಮುಗಿಸಿ ರಾತ್ರಿ ಬಸ್ ಹತ್ತಬೇಕು. ಲೂಯಿಸ್ ಮತ್ತು ಹ್ಯಾರಿಸ್ ಎರಡು ಹೆಸರಾದರೂ ಒಂದೇ ದ್ವೀಪ, ಮ್ಯಾಪಿನಲ್ಲಿ ನೋಡಿದರೆ ಒಂದು ದಿನಕ್ಕೆ ಎರಡೂ ಆಗಿಬಿಡುತ್ತದೆ ಅನ್ನಿಸುತ್ತದೆ. ಓಡಿಸಿದರೆ ಆಗುತ್ತದೆ, ನೋಡಿದ ಹಾಗೆ ಆಗುವುದಿಲ್ಲ. ಒಂದು ದಿನ ಇದ್ದರೆ ಒಂದೇ ದಿಕ್ಕು ಹಿಡಿಯಿರಿ. ಮರಳು, ನೀಲಿ ನೀರು ಬೇಕು ಅನ್ನುವವರು ದಕ್ಷಿಣಕ್ಕೆ ಹ್ಯಾರಿಸ್‌ನ ಲಸ್ಕೆಂಟೈರ್ ಕಡಲತೀರಕ್ಕೆ ಹೋಗಲಿ. ನನ್ನ ಓಟು ಲೂಯಿಸ್‌ನ ಪಶ್ಚಿಮ ಭಾಗಕ್ಕೆ. ಸ್ಟಾರ್ನೊವೇಯಿಂದ ಹೊರಟು ಕ್ಯಾಲನಿಷ್, ಹಳೇ ಕಲ್ಲಿನ ಗೋಪುರವಿರುವ ಕಾರ್ಲೊವೇ, ಆರ್ನಲ್, ಬಟ್ ಆಫ್ ಲೂಯಿಸ್ ಮುಗಿಸಿ ಬಾರ್ವಸ್ ದಾರಿಯಾಗಿ ವಾಪಸ್. ಒಟ್ಟು 130 ಕಿಲೋಮೀಟರ್ ಆಸುಪಾಸು, ಇಡೀ ದಿನ ಇದೆ, ಅವಸರ ಯಾಕೆ?

ಸ್ಟಾರ್ನೊವೇ ಬಿಡುವ ಮೊದಲು ಇದೊಂದು ಗೊತ್ತಿರಲಿ. ಕೈಫಿಯತ್ತುಗಳ, ಅಂದರೆ ಊರೂರಿನ ಚರಿತ್ರೆಯ ಬರಹಗಳ, ಮೆಕೆಂಜಿ ಹೆಸರು ಕೇಳಿದ್ದೀರಲ್ವಾ? ಆ ಕಾಲಿನ್ ಮೆಕೆಂಜಿ ಹುಟ್ಟಿದ್ದು ಇದೇ ಸ್ಟಾರ್ನೊವೇಯಲ್ಲಿ, 1754ರಲ್ಲಿ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇಂಗ್ಲಿಷರ ಕಡೆ ಇದ್ದ, ಆಮೇಲೆ ಮೈಸೂರು ಸೀಮೆಯ ಸರ್ವೆ ಮಾಡಿಸಿದ, 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಹೋದಲ್ಲೆಲ್ಲ ಶಾಸನ, ಓಲೆಗರಿ, ಊರಿನ ಕಥೆ ಕೂಡಿಸಿದ. ಅವನಿಗೆ ಭಾಷೆ ಬರುತ್ತಿರಲಿಲ್ಲ, ಕೆಲಸ ಮಾಡಿಕೊಟ್ಟವರು ಕಾವಲಿ ವೆಂಕಟ ಬೋರಯ್ಯ, ಜೈನ ಪಂಡಿತ ಧರ್ಮಯ್ಯನಂಥ ನಮ್ಮ ಕಡೆಯವರೇ. ಬಂದರಿನ ಎದುರಿಗೆ ಕಾಣುವ ಲೂಸ್ ಕ್ಯಾಸಲ್‌ಗೂ ನಮ್ಮ ದೇಶದ ನಂಟಿದೆ. ಕಟ್ಟಿಸಿದ ಜೇಮ್ಸ್ ಮ್ಯಾಥೆಸನ್ ಚೀನಾಕ್ಕೆ ಅಫೀಮು ಮಾರಿ ದುಡ್ಡು ಮಾಡಿ 1844ರಲ್ಲಿ ಲೂಯಿಸ್ ದ್ವೀಪವನ್ನೇ ಕೊಂಡ, ಆ ಅಫೀಮು ಬಹುಪಾಲು ಹೋಗುತ್ತಿದ್ದದ್ದು ಭಾರತದಿಂದ.

ಕ್ಯಾಲನಿಷ್‌ಗೆ ಬೆಳಿಗ್ಗೆಯೇ ಹೋಗಿ. ಸುಮಾರು 5000 ವರ್ಷದ ಹಿಂದೆ ನೆಟ್ಟ ಕಲ್ಲುಗಳು, ಮಧ್ಯದ್ದು 5 ಮೀಟರಿಗೆ ಸ್ವಲ್ಪ ಕಮ್ಮಿ ಎತ್ತರ, ಸುತ್ತ 13 ಕಲ್ಲಿನ ವೃತ್ತ. ಕಲ್ಲು ಇಲ್ಲಿನದೇ, ಲೂಯಿಸ್ ನೈಸ್ ಅಂತ, ಭೂಮಿಯ ಮೇಲಿನ ಬಹಳ ಹಳೇ ಬಂಡೆಗಳಲ್ಲಿ ಒಂದು. ಹತ್ತಿರ ಹೋಗಿ ಅದರ ಪಟ್ಟೆಗಳನ್ನು ನೋಡಿ. ಫೋಟೋ ತೆಗೆದು ಹೊರಟುಬಿಡಬೇಡಿ, ಒಂದು ಸುತ್ತು ಸುಮ್ನೆ ನಡೆಯಿರಿ. 1857ರವರೆಗೂ ಈ ಕಲ್ಲುಗಳ ಬುಡ ಒಂದೂವರೆ ಮೀಟರಿನಷ್ಟು ಪೀಟ್ ಮಣ್ಣಿನಲ್ಲಿ ಹೂತಿತ್ತು, ತೆಗೆಸಿದವನು ಅದೇ ಮ್ಯಾಥೆಸನ್.

ಪೀಟ್ ಅಂದರೆ ಜೌಗು ನೆಲದಲ್ಲಿ ಗಿಡ ಕೊಳೆತು ಆದ ಕಪ್ಪು ಮಣ್ಣು. ಕೊಯ್ದು, ನಮ್ಮ ಹಳ್ಳಿಗಳಲ್ಲಿ ಬೆರಣಿ ಒಣಗಿಸುವ ಹಾಗೆ ಬಯಲಲ್ಲಿ ಒಣಗಿಸಿ, ಒಲೆಗೆ ಹಾಕುತ್ತಾರೆ. ಆರ್ನಲ್‌ನಲ್ಲಿ 42ನೇ ನಂಬರಿನ ಹಳೇ ಹುಲ್ಲುಮಾಡಿನ ಮನೆಯೊಳಗೆ ಹೋದರೆ ಈಗಲೂ ಆ ಹೊಗೆ ಕಾಣುತ್ತದೆ, ಯಾಕೆಂದರೆ ಬೆಂಕಿ ಮನೆ ಮಧ್ಯದಲ್ಲೇ, ಚಿಮಣಿಯೇ ಇಲ್ಲ. ದನ ಒಂದು ಕಡೆ, ಜನ ಒಂದು ಕಡೆ, ಒಂದೇ ಸೂರು. ಮಲೆನಾಡಿನ ಕಡೆಯವರಿಗೆ ಇದೇನು ಹೊಸದಲ್ಲ, ಆದರೆ ಈ ಮನೆಯಲ್ಲಿ 1960ರ ದಶಕದವರೆಗೂ ಜನ ಇದ್ದರು ಅಂದರೆ ನಂಬುವುದು ಕಷ್ಟ. ಇಂಥ ಮನೆಗಳು ಗ್ಯಾರೆನಿನ್‌ನಲ್ಲೂ ಇವೆ, ಚೊಕ್ಕಟ ಮಾಡಿ ಪ್ರವಾಸಿಗಳಿಗೆ ಬಾಡಿಗೆಗೂ ಕೊಡುತ್ತಾರೆ. ಒಂದೇ ನೋಡಲು ಸಮಯವಿದ್ದರೆ ನಾನು ಆರ್ನಲ್ ಅನ್ನುತ್ತೇನೆ.

ಉತ್ತರದ ತುದಿಯ ಬಟ್ ಆಫ್ ಲೂಯಿಸ್‌ನಲ್ಲಿ 1862ರ ಕೆಂಪು ಇಟ್ಟಿಗೆಯ ದೀಪಸ್ತಂಭ ಇದೆ. ಅದಕ್ಕಿಂತ ಗಾಳಿ ಜಾಸ್ತಿ ನೆನಪಿರುತ್ತದೆ. ಕಾರಿನ ಎರಡು ಬಾಗಿಲನ್ನು ಒಟ್ಟಿಗೆ ತೆರೆಯಬೇಡಿ, ತೆರೆಯುವಾಗ ಗಟ್ಟಿಯಾಗಿ ಹಿಡಿದುಕೊಳ್ಳಿ. ಗಾಳಿಗೆ ಬಾಗಿಲು ಬಗ್ಗಿದರೆ ಬಾಡಿಗೆ ಕಾರಿನ ಇನ್ಶೂರೆನ್ಸ್ ಕೊಡದೇ ಇರಬಹುದು, ಮೊದಲೇ ಓದಿಕೊಳ್ಳಿ.

ರಸ್ತೆ ಬಗ್ಗೆ. ದೊಡ್ಡ ದಾರಿ ಚೆನ್ನಾಗಿದೆ, ಒಳದಾರಿಗಳು ಒಂದೇ ಕಾರು ಹಿಡಿಸುವಷ್ಟು. ಅಲ್ಲಲ್ಲಿ ಪಾಸಿಂಗ್ ಪ್ಲೇಸ್, ಅಂದರೆ ದಾರಿ ಬಿಟ್ಟುಕೊಡಲು ಅಗಲ ಮಾಡಿದ ಜಾಗ, ಇರುತ್ತದೆ. ಅದು ನಿಮ್ಮ ಎಡಕ್ಕಿದ್ದರೆ ಒಳಗೆ ಹೋಗಿ ನಿಲ್ಲಿ, ಬಲಕ್ಕಿದ್ದರೆ ಎದುರಿಗೇ ರಸ್ತೆಯಲ್ಲಿ ನಿಂತು ಬರುವವರನ್ನು ಆ ಜಾಗಕ್ಕೆ ಬಿಡಿ. ಹಿಂದೆ ಊರಿನವರ ಕಾರು ಬಂದರೂ ನಿಂತು ದಾರಿ ಕೊಡಿ, ಅವರು ಕೆಲಸಕ್ಕೆ ಹೋಗುತ್ತಿರುತ್ತಾರೆ. ಅಲ್ಲಿ ಪಾರ್ಕ್ ಮಾಡಿ ಸೆಲ್ಫಿಗೆ ಇಳಿಯುವುದಂತೂ ಬೇಡವೇ ಬೇಡ. ಕೈ ಎತ್ತಿದವರಿಗೆ ನೀವೂ ಕೈ ಎತ್ತಿ. ಓಡಿಸದೇ ಇರುವವರ ಕೆಲಸ ಮುಂದಿನ ಪಾಸಿಂಗ್ ಪ್ಲೇಸ್ ಎಲ್ಲಿದೆ, ಕುರಿ ಯಾವ ಕಡೆಯಿಂದ ಬರುತ್ತಿದೆ ಅಂತ ನೋಡುವುದು. ನಮ್ಮ ಮನೆಯಲ್ಲಿ ಓಡಿಸುವುದು ನಾನು, ಕುರಿ ಲೆಕ್ಕ ನಮ್ಮ ಯಜಮಾನರದು, ಜಗಳಕ್ಕೆ ಪುರುಸೊತ್ತೇ ಇರುವುದಿಲ್ಲ.

ಊಟ ಕಟ್ಟಿಕೊಂಡೇ ಹೋಗಿ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ, ಫ್ಲಾಸ್ಕಿನಲ್ಲಿ ಕಾಫಿ. ಸಸ್ಯಾಹಾರಿಗಳು ಬೆಳಗಿನ ತಿಂಡಿಯಲ್ಲಿ ಬ್ಲ್ಯಾಕ್ ಪುಡಿಂಗ್ ಅಂತ ಕಂಡರೆ ಸಿಹಿ ಅಂದುಕೊಳ್ಳಬೇಡಿ, ಅದು ರಕ್ತ ಹಾಕಿ ಮಾಡಿದ್ದು. ಸ್ಟಾರ್ನೊವೇಯದ್ದು ಬಹಳ ಪ್ರಸಿದ್ಧ.

ಭಾನುವಾರ ಮಾತ್ರ ಬೇಡ. ಇಲ್ಲಿನ ಜನ ಆ ದಿನವನ್ನು ದೇವರಿಗೆ ಬಿಟ್ಟವರು, ಅಂಗಡಿ, ಹೋಟೆಲ್, ಪೆಟ್ರೋಲ್ ಬಂಕ್ ಬಹುತೇಕ ಬಂದ್. ಉಲ್ಲಾಪೂಲ್ ಹಡಗು ಭಾನುವಾರ ಓಡಲು ಶುರುವಾಗಿದ್ದೇ 2009ರಲ್ಲಿ, ಅದಕ್ಕೂ ವಿರೋಧ ಇತ್ತು. ಜೂನ್ ಕೊನೆಗೆ ಹೋದರೆ ರಾತ್ರಿ ಹತ್ತರ ನಂತರವೂ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಯಷ್ಟಕ್ಕೆ ಸೂರ್ಯ ಮುಳುಗುತ್ತಾನೆ, ಆಗ ಈ ಸುತ್ತು ಪೂರ್ತಿ ಮಾಡಲು ಹೋಗಬೇಡಿ, ಕ್ಯಾಲನಿಷ್ ಮತ್ತು ಕಾರ್ಲೊವೇ ಸಾಕು.

ಏನಾದರೂ ಕೊಳ್ಳುವುದಿದ್ದರೆ ಹ್ಯಾರಿಸ್ ಟ್ವೀಡ್ ಅನ್ನುವ ಉಣ್ಣೆ ಬಟ್ಟೆ ಕೊಳ್ಳಿ. ಈ ದ್ವೀಪಗಳ ಜನ ತಮ್ಮ ಮನೆಯ ಮಗ್ಗದಲ್ಲಿ ಕೈಯಿಂದ ನೇಯ್ದದ್ದಕ್ಕೆ ಮಾತ್ರ ಆ ಹೆಸರು, 1993ರಿಂದ ಅದಕ್ಕೆ ಕಾನೂನೇ ಇದೆ. ಗೋಳದ ಮೇಲೆ ಶಿಲುಬೆಯ ಗುರುತು ಲೇಬಲ್ಲಿನಲ್ಲಿದೆಯಾ ನೋಡಿ. ಕೋಟಿನ ಬೆಲೆಗೆ ಎದೆ ಝಲ್ಲೆಂದರೆ ಪರ್ಸೋ ಟೋಪಿಯೋ ತೆಗೆದುಕೊಳ್ಳಿ, ಅವೂ ಅದೇ ಬಟ್ಟೆಯವು.