ಸುಲಭದ ಪರಭಾಷೆ ಹುಡುಕಿ ಇಂಡೊನೇಷಿಯನ್ ಹಿಡಿದದ್ದು

ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಅಮೆರಿಕದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಲೆಕ್ಕದಲ್ಲಿ ಸ್ಪ್ಯಾನಿಶ್, ಇಟಾಲಿಯನ್‌ ಕಲಿಯಲು ಸುಮಾರು 24–30 ವಾರ ಬೇಕು, ಇಂಡೊನೇಷಿಯನ್‌ಗೆ 36, ಜಪಾನಿಗೆ 88. ಅದು ಇಂಗ್ಲಿಷ್ ಮನೆಮಾತಿನವರ ಲೆಕ್ಕ. ಕನ್ನಡದ ಜೊತೆ ಇಂಗ್ಲಿಷ್, ಹಿಂದಿ, ಅಷ್ಟಿಷ್ಟು ಮರಾಠಿ ಇರುವ ಹುಬ್ಬಳ್ಳಿ-ಧಾರವಾಡದವರು ಅದನ್ನು ಹಾಗೇ ನಂಬಬೇಕಿಲ್ಲ. ಜಪಾನಿ ವಾಕ್ಯ ನಮ್ಮದರಂತೆ ಕ್ರಿಯಾಪದದಲ್ಲೇ ಮುಗಿಯುತ್ತದೆ. ‘ಬರೆದು ನೋಡು’ ಅಲ್ಲಿಯೂ ‘ಬರೆದು’, ‘ನೋಡು’ ಎರಡೂ ಸೇರಿಯೇ ಬರುತ್ತದೆ. ಆದರೆ ನಿತ್ಯಬಳಕೆಯ ಕಾಂಜಿಗಳೇ (ಚೀನೀ ಮೂಲದ ಅಕ್ಷರಗಳು) 2136. ಜರ್ಮನ್‌ನ ಮೂರು ಲಿಂಗ ಮರಾಠಿ ಬಲ್ಲವರಿಗೆ ಹೊಸದಲ್ಲ, ಯಾವುದಕ್ಕೆ ಯಾವ ಲಿಂಗ ಎಂಬುದನ್ನು ಮಾತ್ರ ಬಾಯಿಪಾಠ ಮಾಡಲೇಬೇಕು. ನೌಕರಿ ಗುರಿಯಾದರೆ ಇವೆರಡರಲ್ಲಿ ಒಂದು ಸರಿ. ನನಗೆ ಸುಲಭವೇ ಮುಖ್ಯವಾಗಿತ್ತು, ಇಂಡೊನೇಷಿಯನ್ ಹಿಡಿದೆ.

ಲಿಪಿ ಇಂಗ್ಲಿಷಿನದೇ. ಲಿಂಗವಿಲ್ಲ, ಕಾಲಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗುವುದಿಲ್ಲ. ‘ಮಕಾನ್’ ಅಂದರೆ ತಿನ್ನು. ಆಗಿದ್ದರೆ ಮುಂಚೆ ‘ಸುದಾಹ್’, ಆಗುವುದಿದ್ದರೆ ‘ಅಕಾನ್’. ‘ಸುದಾಹ್ ಮಕಾನ್?’ ಅಂದರೆ ನಮ್ಮ ‘ಊಟಾತೇನ್ರಿ?’, ಅಲ್ಲಿಯೂ ಅದು ಕುಶಲ ಕೇಳುವ ಮಾತು. ಆಗಿರದಿದ್ದರೆ ‘ಬೆಲುಮ್’ ಅನ್ನಬೇಕು, ಬರೀ ‘ಇಲ್ಲ’ ಅಲ್ಲ. ಬಹಾಸ, ಗುರು, ನಾಮ, ಮನುಸಿಯ ಇಂಥ ಸಂಸ್ಕೃತ ಪದ ಬೇಕಾದಷ್ಟಿವೆ. ಅವುಗಳಲ್ಲೇ ಮೋಸವೂ ಇದೆ: ‘ಕೆಪಾಲ’ ಅಂದರೆ ತಲೆ, ಕಪಾಳವಲ್ಲ, ‘ಇಸ್ತ್ರಿ’ ಅಂದರೆ ಹೆಂಡತಿ.

ಮೊದಲು ಉಚ್ಚಾರ ಗಟ್ಟಿ ಮಾಡಿಕೊಂಡೆ. ಸಿ ಅಕ್ಷರ ಯಾವಾಗಲೂ ಚ. ಎನ್-ಜಿ ಜೋಡಿ ಬಂದರೆ ಅದು ಅಂಗಡಿಯ ‘ಂಗ’ ಅಲ್ಲ, ಬರೀ ಙ. ಹೂವು ಅನ್ನುವ ಪದ ‘ಬುಙ’. ಎನ್-ವೈ ಅಂದರೆ ಞ. ಶಾಲೆಯಲ್ಲಿ ತಿದ್ದಿ ಬಿಟ್ಟ ಈ ಎರಡು ಅಕ್ಷರ ಇಲ್ಲಿ ದಿನಾ ಬೇಕು. ಹೀಗಾಗಿ ಮೊದಲ ಪದಪಟ್ಟಿಯನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳುವುದು ಛಲೋ.

ನಿಜವಾದ ತೊಡಕು ಇರುವುದು ‘ಮೆ-’ ಪೂರ್ವಪ್ರತ್ಯಯದಲ್ಲಿ. ಅದು ಸೇರಿದಾಗ ಧಾತುವಿನ ಮೊದಲಿನ ಪ, ತ, ಕ, ಸ ಬಿದ್ದು ಆ ಜಾಗಕ್ಕೆ ಮ, ನ, ಙ, ಞ ಬರುತ್ತವೆ: ಪಕೈ–ಮೆಮಕೈ, ತುಲಿಸ್–ಮೆನುಲಿಸ್, ಕಿರಿಮ್–ಮೆಙಿರಿಮ್, ಸಾಪು–ಮೆಞಾಪು. ನಮ್ಮ ವರ್ಗೀಯ ಅನುನಾಸಿಕದ ಜಾಡೇ ಇದು. ಸ ಒಂದು ಮಾತ್ರ ಚವರ್ಗದ ಞ ಹಿಡಿಯುತ್ತದೆ. ಬ, ಚ ಬೀಳುವುದಿಲ್ಲ: ಬಾಚ–ಮೆಂಬಾಚ, ಚುಚಿ–ಮೆಂಚುಚಿ. ಅಲ್ಲಿನ ನಿಘಂಟು ಧಾತುವಿನ ಕ್ರಮದಲ್ಲಿದೆ, ‘ಮೆನುಲಿಸ್’ ಸಿಗಬೇಕಾದರೆ ತ-ದಲ್ಲಿ ಹುಡುಕಬೇಕು. ಆದ್ದರಿಂದ ಪ್ರತಿ ಕ್ರಿಯಾಪದವನ್ನು ಎರಡು ಕಾಲಮ್ಮಿನಲ್ಲಿ, ಧಾತು ಮೊದಲು, ಬರೆದುಕೊಂಡೆ.

ವಿಶೇಷಣ ನಾಮಪದದ ನಂತರ ಬರುತ್ತದೆ, ದೊಡ್ಡ ಮನೆ ‘ರುಮಾಹ್ ಬೆಸಾರ್’. ‘ನಾವು’ ಎರಡಿವೆ: ಎದುರಿನವರನ್ನೂ ಸೇರಿಸಿದರೆ ‘ಕಿತ’, ಬಿಟ್ಟರೆ ‘ಕಾಮಿ’.

ಪುಸ್ತಕದಲ್ಲಿ ‘ಇಲ್ಲ’ಕ್ಕೆ ‘ತಿದಾಕ್’ ಇದ್ದರೆ ಬೀದಿಯಲ್ಲಿ ‘ಙ್ಗಾಕ್’ ಕೇಳುತ್ತದೆ. ಎರಡನ್ನೂ ಮೊದಲಿನಿಂದಲೇ ಜೊತೆಗೆ ಕಲಿಯಬೇಕು, ಮಾತಾಡಲು ಹೊರಟಾಗ ಮಾತ್ರ ಹಿರಿಯ ಗಂಡಸರಿಗೆ ‘ಪಾಕ್’, ಹೆಂಗಸರಿಗೆ ‘ಬು’ ಸೇರಿಸಿ ಪುಸ್ತಕದ್ದನ್ನೇ ಹಿಡಿಯುವುದು ಸುರಕ್ಷಿತ.