ಅಶೋಕನ ಹೆಸರನ್ನು ಮಕ್ಕಳ ಕೈಯಿಂದಲೇ ಓದಿಸುವ ಬಗೆ

ಮೊದಲು ಒಂದು ರೂಪಾಯಿಯ ನಾಣ್ಯ ತಗೊಳ್ಳಿ. ಸಿಂಹದ ಮುಖ ಮೇಲೆ ಮಾಡಿ, ತೆಳ್ಳನೆಯ ಬಿಳಿ ಹಾಳೆ ಹೊದಿಸಿ, ಹೆಬ್ಬೆರಳಿನಿಂದ ಅಲುಗದಂತೆ ಒತ್ತಿ ಹಿಡಿಯಿರಿ. ಪೆನ್ಸಿಲನ್ನು ಅಡ್ಡ ಮಲಗಿಸಿ ಹಗುರವಾಗಿ ಉಜ್ಜಿ. ಸಿಂಹಗಳು ಹಾಳೆಯ ಮೇಲೆ ಎದ್ದು ಬರುತ್ತವೆ, ಅವುಗಳ ಕೆಳಗೆ ‘ಸತ್ಯಮೇವ ಜಯತೇ’ಯೂ ಬರುತ್ತದೆ. ಬಾಗಲಕೋಟೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಚಿತ್ರಕಲೆ ಕಲಿಸುತ್ತೇನೆ. ಎಂಟನೇ ತರಗತಿಗೆ ಮೌರ್ಯರ ಪಾಠ ಬಂದಾಗಲೆಲ್ಲ ಸಮಾಜ ವಿಜ್ಞಾನದ ಮೇಷ್ಟ್ರಿಂದ ಎರಡು ಪಿರಿಯಡ್ ಕೇಳಿ ಇಸಿದುಕೊಂಡು ಹೀಗೆ ಶುರುಮಾಡುತ್ತೇನೆ. ಕಳಿಂಗ ಯುದ್ಧ, ಪಾಟಲಿಪುತ್ರ ಅಂತ ಹೇಳುತ್ತಾ ಹೋದರೆ ಅಶೋಕ ಎಲ್ಲೋ ಬಿಹಾರದಲ್ಲೇ ಉಳಿದುಬಿಡುತ್ತಾನೆ. ಅವನು ನಮ್ಮ ಮಕ್ಕಳ ಕಿಸೆಯಲ್ಲೇ ಇದ್ದಾನೆ, ಅಲ್ಲಿಂದಲೇ ಹೊರಗೆ ತೆಗೆಯಬೇಕು.

ನಾಣ್ಯದಲ್ಲಿ ಎಷ್ಟು ಸಿಂಹ ಕಂಡವು ಅಂತ ಕೇಳಿ. ಮೂರು ಅನ್ನುತ್ತಾರೆ. ಆಗ ನಾಲ್ಕು ಹುಡುಗರನ್ನು ಕರೆದು, ಬೆನ್ನಿಗೆ ಬೆನ್ನು ಕೊಟ್ಟು ನಾಲ್ಕು ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ. ಎದುರು ಕೂತವರಿಗೆ ನಾಲ್ಕನೆಯವನ ಮುಖ ಕಾಣುವುದಿಲ್ಲ, ಅಷ್ಟೇ ಸಾಕು, ಅಶೋಕ ಸಾರನಾಥದಲ್ಲಿ ನಿಲ್ಲಿಸಿದ ಕಂಬದ ತಲೆ ಹೇಗಿದೆ ಅಂತ ಬೇರೆ ಹೇಳಬೇಕಿಲ್ಲ. ಅದು 1904-05ರ ಉತ್ಖನನದಲ್ಲಿ ಸಿಕ್ಕಿತು. 1950ರ ಜನವರಿ 26ರಂದು ನಮ್ಮ ರಾಷ್ಟ್ರಲಾಂಛನವಾಯಿತು. ಸಿಂಹಗಳು ನಿಂತ ಪಟ್ಟಿಯ ಮೇಲೆ ಆನೆ, ಕುದುರೆ, ಗೂಳಿ, ಸಿಂಹ, ನಡುನಡುವೆ ಚಕ್ರ ಇವೆ. ಲಾಂಛನದಲ್ಲಿ ನಮಗೆ ಕಾಣುವುದು ಬಲಕ್ಕೆ ಗೂಳಿ, ಎಡಕ್ಕೆ ಕುದುರೆ. ನಾಣ್ಯದಲ್ಲಿ ಇವು ತೀರಾ ಸಣ್ಣವು, ಹಾಗಾಗಿ ದೊಡ್ಡ ಚಿತ್ರವೊಂದನ್ನು ಗೋಡೆಗೆ ಅಂಟಿಸಿ. ಎತ್ತು ಕಟ್ಟಿದ ಮನೆಯ ಮಕ್ಕಳು ಗೂಳಿಯ ಇಣಿಯನ್ನು ನನಗಿಂತ ಚೆನ್ನಾಗಿ ಬಿಡಿಸುತ್ತಾರೆ.

ಆಮೇಲೆ ಧ್ವಜದ ಅಶೋಕ ಚಕ್ರ. ಇದಕ್ಕೆ ಒಂದು ಪೂರ್ತಿ ಪಿರಿಯಡ್ ಇಟ್ಟುಕೊಳ್ಳಿ, ಅವಸರ ಬೇಡ. ಒಮ್ಮೆ ಗಣರಾಜ್ಯೋತ್ಸವದ ವೇದಿಕೆಗೆ ಪರದೆ ಬರೆಯುವಾಗ ಕಣ್ಣಳತೆಯಲ್ಲೇ ಚಕ್ರ ಬಿಡಿಸಿದ್ದೆ. ಧ್ವಜಾರೋಹಣ ಮುಗಿದ ಮೇಲೆ ಸೈನ್ಯದಿಂದ ನಿವೃತ್ತರಾಗಿ ಬಂದ ಊರಿನ ಹಿರಿಯರೊಬ್ಬರು ಪರದೆಯ ಹತ್ತಿರ ನಿಂತು, ಇಪ್ಪತ್ತನಾಲ್ಕು ಇರಬೇಕಾದ ಅರಗಳನ್ನು ಬೆರಳಿಟ್ಟು ಎಣಿಸಿದರು. “ಅಕ್ಕಾರ, ಇಪ್ಪತ್ಮೂರು ಅದಾವ್ರಿ” ಅಂದರು. ಬೈಯಲಿಲ್ಲ, ಆದರೆ ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಅಂದಿನಿಂದ ಕೈವಾರ ಇಲ್ಲದೆ ಚಕ್ರಕ್ಕೆ ಕೈ ಹಾಕಿಲ್ಲ.

ಬಗೆ ಹೀಗಿದೆ. ಕೈವಾರದಿಂದ ವೃತ್ತ ಎಳೆಯಿರಿ. ಕೈವಾರದ ಕಾಲುಗಳ ಅಗಲ ಬದಲಿಸದೆ ಅದೇ ಅಳತೆಯಲ್ಲಿ ವೃತ್ತದ ಅಂಚಿನ ಮೇಲೆ ಗುರುತು ಹಾಕುತ್ತಾ ಬನ್ನಿ, ಸರಿಯಾಗಿ ಆರು ಗುರುತಿಗೆ ಸುತ್ತು ಮುಗಿಯುತ್ತದೆ. ಎರಡೆರಡು ಗುರುತುಗಳ ನಡುಬಿಂದು ಹಿಡಿದರೆ ಹನ್ನೆರಡು. ಅವುಗಳ ನಡುವೆ ಇನ್ನೊಮ್ಮೆ ಹಿಡಿದರೆ ಇಪ್ಪತ್ತನಾಲ್ಕು. ಕೋನಮಾಪಕ ಇದ್ದವರು 15 ಡಿಗ್ರಿಗೊಂದು ಗುರುತು ಹಾಕಬಹುದು, ಆದರೆ ಕೈವಾರದ ದಾರಿಯಲ್ಲಿ ಮಕ್ಕಳಿಗೆ ತಪ್ಪು ಕಡಿಮೆ. ಅರಗಳು ಬರೀ ಗೆರೆಯಲ್ಲ, ನಡುವೆ ತುಸು ದಪ್ಪ, ತುದಿಗೆ ಚೂಪು. ಎರಡು ಅರಗಳ ನಡುವೆ ಹೊರಬಳೆಯ ಒಳಅಂಚಿಗೆ ಒಂದೊಂದು ಅರ್ಧಗೋಲಿಯಂಥ ಬೊಟ್ಟು. ಧ್ವಜ 3ಕ್ಕೆ 2ರ ಅಳತೆಯಲ್ಲಿರಬೇಕು. 45 ಸೆಂಟಿಮೀಟರ್ ಉದ್ದ, 30 ಅಗಲದ ಹಾಳೆಗೆ ಚಕ್ರದ ಅಡ್ಡಳತೆ 9 ಸೆಂಟಿಮೀಟರ್. ಬಣ್ಣ ಕಡುನೀಲಿ. ಕಪ್ಪು ಹಾಕಿದವರಿಂದ ನಾನು ಮತ್ತೆ ಬರೆಸುತ್ತೇನೆ.

ಈ ಚಕ್ರ ನಮ್ಮ ಜಿಲ್ಲೆಯವರಿಗೆ ಪುಸ್ತಕದ ಚಿತ್ರ ಅಲ್ಲ. ರಾಷ್ಟ್ರಧ್ವಜದ ಖಾದಿ ಬಟ್ಟೆ ನೇಯುವುದು ಬಾಗಲಕೋಟೆ ತಾಲ್ಲೂಕಿನ ತುಳಸಿಗೇರಿಯಲ್ಲಿ. ಅಲ್ಲಿಂದ ಅದು ಹುಬ್ಬಳ್ಳಿಯ ಬೆಂಗೇರಿಗೆ ಹೋಗುತ್ತದೆ. ಬಣ್ಣ ಕಟ್ಟುವುದು, ಬಿಳಿ ಪಟ್ಟಿಯ ಎರಡೂ ಬದಿಗೆ ಒಂದಕ್ಕೊಂದು ಕೂಡುವಂತೆ ಚಕ್ರ ಅಚ್ಚೊತ್ತುವುದು, ಹೊಲಿಯುವುದು ಎಲ್ಲ ಅಲ್ಲಿ. ನನ್ನವ್ವ ಬಹಳ ವರ್ಷ ನೂಲು ತೆಗೆದವಳು. ಅವಳ ಬಲಗೈ ತೋರುಬೆರಳಿನ ಬದಿಗೆ ನೂಲು ಜಾರಿ ಜಾರಿ ಆದ ಒಂದು ಗೀರು ಇತ್ತು. ಕೆಂಪುಕೋಟೆಯ ಮೇಲೆ ಬಾವುಟ ಏರುವುದನ್ನು ಟಿವಿಯಲ್ಲಿ ನೋಡುವಾಗ ಅವಳು ಮಾತಾಡುತ್ತಿರಲಿಲ್ಲ, ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದಳು. ನಿಮ್ಮ ಶಾಲೆಯ ಮಕ್ಕಳಲ್ಲೂ ನೂಲುವವರ, ನೇಯುವವರ ಮನೆಯವರು ಇದ್ದೇ ಇರುತ್ತಾರೆ. ಅವರ ಅವ್ವನನ್ನೋ ಆಯಿಯನ್ನೋ ಅರ್ಧ ತಾಸು ಶಾಲೆಗೆ ಕರೆಸಿ, ಒಂದು ಲಡಿ ನೂಲು ತಂದು ತೋರಿಸಲು ಹೇಳಿ.

ಈಗ ಅಕ್ಷರ, ಅಂದರೆ ಅಶೋಕನ ಕಲ್ಲಿನ ಶಾಸನಗಳನ್ನು ಬರೆದ ಬ್ರಾಹ್ಮಿ ಲಿಪಿ. ಇಡೀ ಬ್ರಾಹ್ಮಿ ವರ್ಣಮಾಲೆ ಕಲಿಸಲು ಹೋಗಬೇಡಿ, ಮಕ್ಕಳಿಗೆ ಬೇಸರ ಬರುತ್ತದೆ. ನಾಲ್ಕೇ ಅಕ್ಷರ: ಅ-ಸೋ-ಕ-ಸ. ‘ಅಸೋಕಸ’ ಅಂದರೆ ಪ್ರಾಕೃತದಲ್ಲಿ ‘ಅಶೋಕನ’ ಅಂತ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ, ಇವೆರಡನ್ನೂ ಮೊದಲೇ ಬಿಡಿಸಿ ಹೇಳಿ. ಇಲ್ಲದಿದ್ದರೆ ಕಲ್ಲಿನ ಮುಂದೆ ನಿಂತು ಕನ್ನಡ ಹುಡುಕುತ್ತಾರೆ.

‘ಕ’ದಿಂದ ಆರಂಭಿಸಿ. ಬ್ರಾಹ್ಮಿಯ ‘ಕ’ ಅಂದರೆ ಕೂಡಿಸುವ ಚಿಹ್ನೆ, ಒಂದು ನೆಟ್ಟಗೆರೆ ಒಂದು ಅಡ್ಡಗೆರೆ. ಹಲಗೆಯ ಮೇಲೆ ಬರೆದ ಕೂಡಲೇ ಒಬ್ಬ ಹುಡುಗ “ಅಕ್ಕಾರ, ಇದು ಗಣಿತ ಅಲ್ಲೇನ್ರಿ” ಅಂದಿದ್ದ. ಅದೇ ಹೊತ್ತಿಗೆ ಪಕ್ಕದಲ್ಲಿ ನಮ್ಮ ‘ಕ’ ಬರೆದು, ನಡುವಿನ ಅಡ್ಡಗೆರೆ ಇನ್ನೂ ಉಳಿದಿರುವುದನ್ನು ಬೆರಳಿಟ್ಟು ತೋರಿಸಿ. ‘ಅ’ ಅಂದರೆ ಇಂಗ್ಲಿಷಿನ ಕೆ ಅಕ್ಷರವನ್ನು ಕನ್ನಡಿಯಲ್ಲಿ ನೋಡಿದ ಹಾಗೆ. ‘ಸ’ಕ್ಕೆ ಒಂದು ಕೊಕ್ಕೆ, ಪಕ್ಕದಲ್ಲಿ ಕೆಳಗಿಳಿದ ಸಣ್ಣ ಬಾಲ. ಅದರ ತಲೆಗೆ ಎಡಕ್ಕೊಂದು ಬಲಕ್ಕೊಂದು ಗೀಟು ಹಾಕಿದರೆ ‘ಸೋ’. ಈ ಹೆಸರಲ್ಲಿ ‘ಸ’ ಎರಡು ಸಲ ಬರುತ್ತದೆ, ಒಮ್ಮೆ ಕೊಂಬಿದ್ದು, ಒಮ್ಮೆ ಕೊಂಬಿಲ್ಲದೆ. ಈ ಜೋಡಿಯನ್ನು ಗುರುತು ಹಿಡಿದವರು ಕಲ್ಲಿನ ಮೇಲೂ ದಾರಿ ತಪ್ಪುವುದಿಲ್ಲ. ಪಾಟಿಯ ಮೇಲೆ ನೂರು ಸಲ ಬರೆಸುವುದಕ್ಕಿಂತ ಅಂಗಳದ ಮಣ್ಣಲ್ಲಿ ಕೋಲಿನಿಂದ ಗೇಣುದ್ದದ ಅಕ್ಷರ ಹತ್ತು ಸಲ ಬರೆಸಿ. ಕೈಗೆ ಬಂದದ್ದು ಕಣ್ಣಿಗೆ ಬೇಗ ಸಿಗುತ್ತದೆ.

ಇದರ ಜೊತೆ ‘ಗ’ ಒಂದನ್ನು ಉಪ್ಪಿನಕಾಯಿಯ ಹಾಗೆ ಸೇರಿಸುತ್ತೇನೆ. ಬ್ರಾಹ್ಮಿಯ ‘ಗ’ ಗುಡಿಸಲಿನ ಸೂರಿನಂತೆ ಎರಡು ಗೆರೆ. ನಮ್ಮ ‘ಗ’ ಅದೇ ಸೂರು, ಬಾಗಿ ತಲೆಕಟ್ಟು ಹೊತ್ತು ನಿಂತಿದೆ. ದೂರ ಹೋಗುವ ಮೊದಲು ಬಾದಾಮಿಗೆ ಒಂದು ಭಾನುವಾರ ಹೋಗಿ ಬನ್ನಿ. ಕಪ್ಪೆ ಅರಭಟ್ಟನ ಶಾಸನದ ‘ಸಾಧುಗೆ ಸಾಧು’ ಅನ್ನುವಲ್ಲಿ ಈ ‘ಗ’ ಹುಡುಕಿಸಿ. ಅಕ್ಷರ ಅಲ್ಲಿ ದುಂಡಗಾಗತೊಡಗಿದೆ. ಅಶೋಕನಿಗೂ ನಮಗೂ ನಡುದಾರಿಯಲ್ಲಿ ಆ ಬಂಡೆ ಸಿಗುತ್ತದೆ.

ದೊಡ್ಡ ಪ್ರವಾಸ ಮಸ್ಕಿಗೆ. ಬಸ್ಸು ಹತ್ತುವ ಹಿಂದಿನ ದಿನ ಮಕ್ಕಳಿಗೆ ಒಂದು ಒಗಟು ಹೇಳಿ ಕಳಿಸಿ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಈ ಲಿಪಿಯನ್ನು ಓದಿದ. ಕಂಬ, ಬಂಡೆ ಎಲ್ಲ ಕಡೆ ‘ದೇವಾನಂಪಿಯ’ ಅನ್ನುವ ರಾಜನೊಬ್ಬ ಮಾತಾಡುತ್ತಾನೆ, ಹಾಗಂದರೆ ದೇವರುಗಳಿಗೆ ಪ್ರಿಯನಾದವನು. ಆದರೆ ಯಾರವನು? ಸಿಂಹಳದ ಪಾಲಿ ಗ್ರಂಥಗಳ ಆಧಾರದಿಂದ ಜಾರ್ಜ್ ಟರ್ನರ್ ಅವನು ಅಶೋಕ ಅಂದ. ಕಲ್ಲೇ ಅದನ್ನು ಬಾಯಿಬಿಟ್ಟು ಹೇಳಿದ್ದು 1915ರಲ್ಲಿ, ನಮ್ಮ ಮಗ್ಗುಲಿನ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅನ್ನುವವನ ಕಣ್ಣಿಗೆ ಬಿದ್ದ ಬಂಡೆ ಅದು. ‘ದೇವಾನಂಪಿಯಸ ಅಸೋಕಸ’ ಅಂತ ಮೊದಲಿಗೇ ಇದೆ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳದಲ್ಲಿಯೂ ಹೆಸರು ಸಿಕ್ಕಿತು. ದೇಶದ ತುಂಬ ಶಾಸನ ಬರೆಸಿದ ರಾಜನ ಹೆಸರು ಉಳಿದಿರುವ ಕಲ್ಲುಗಳಲ್ಲಿ ಇಷ್ಟೊಂದು ನಮ್ಮ ಕಡೆಯವು ಅಂತ ಹೇಳುವಾಗ ನನ್ನ ದನಿ ಏರುತ್ತದೆ, ಏರಲಿ.

ಹೋಗುವುದು ಹುನಗುಂದ, ಇಳಕಲ್, ಮುದಗಲ್, ಲಿಂಗಸುಗೂರು ಮೇಲೆ. ದಸರೆಯಿಂದ ಸಂಕ್ರಾಂತಿಯ ತನಕ ಒಳ್ಳೆಯ ಕಾಲ. ಆಮೇಲೆ ಬಂಡೆ ಕಾದು ಮಕ್ಕಳು ನಿಲ್ಲಲಾರರು. ನಸುಕಿನಲ್ಲೇ ಬಿಡಿ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಕಟ್ಟಿಕೊಂಡರೆ ಮಧ್ಯಾಹ್ನದ ಚಿಂತೆ ಇಲ್ಲ. ನೀರು ಮಾತ್ರ ಅಂದಾಜಿಗಿಂತ ಒಂದು ಕ್ಯಾನು ಹೆಚ್ಚು ಒಯ್ಯಿರಿ.

ಕಲ್ಲಿನ ಹತ್ತಿರ ಒಂದು ಕಟ್ಟುನಿಟ್ಟು. ಯಾರೂ ಮುಟ್ಟಬಾರದು. ಅಕ್ಷರ ಚೆನ್ನಾಗಿ ಕಾಣಲಿ ಅಂತ ಸುಣ್ಣ, ಸೀಮೆಸುಣ್ಣ, ವಿಭೂತಿ ತುಂಬುವವರನ್ನು ಬೇರೆ ಕಡೆ ನೋಡಿದ್ದೇನೆ. ಹಾಗೆ ತುಂಬಿ, ಉಜ್ಜಿ ತೆಗೆದು ಮಾಡಿದರೆ ಎರಡು ಸಾವಿರದ ಇನ್ನೂರು ವರ್ಷ ತಡೆದ ಅಂಚು ಸವೆದುಹೋಗುತ್ತದೆ. ಪೆನ್ಸಿಲಿನಿಂದ ಉಜ್ಜುವ ಕೆಲಸ ನಾಣ್ಯಕ್ಕೆ ಮಾತ್ರ. ಶಾಸನದ ಪಡಿಯಚ್ಚು ತೆಗೆಯುವುದು ಪುರಾತತ್ವ ಇಲಾಖೆಯವರ ಕೆಲಸ. ಬೆಳಕು ನೆತ್ತಿಯಿಂದ ಬಿದ್ದರೆ ಅಕ್ಷರ ಮಾಯ, ಬದಿಯಿಂದ ಬಿದ್ದರೆ ಪ್ರತಿ ಗೀಟಿಗೂ ನೆರಳು ಹುಟ್ಟುತ್ತದೆ. ಅಲ್ಲಿನ ಕಾವಲುಗಾರರನ್ನು ಕೇಳಿಕೊಂಡು ಒಂದು ಟಾರ್ಚನ್ನು ಬಂಡೆಯ ಮೈಗೆ ಸಮನಾಗಿ ಬದಿಯಿಂದ ಹಿಡಿಯಿರಿ. ಐದೈದು ಮಕ್ಕಳನ್ನು ಮಾತ್ರ ಹತ್ತಿರ ಬಿಡಿ. ಉತ್ತರ ಹೇಳಿಬಿಡಬೇಡಿ, ನಿಮಗೆ ಎಷ್ಟೇ ಆತುರ ಇದ್ದರೂ. ಮೊದಲು ‘ಕ’ ಹುಡುಕಿ ಅನ್ನಿ. ಅದು ಸಿಕ್ಕರೆ ಅದರ ಎಡಕ್ಕೊಂದು ಬಲಕ್ಕೊಂದು ‘ಸ’ ಇದೆಯೇ ನೋಡಿ ಅನ್ನಿ.

ಸಮಯ ಉಳಿದರೆ ಇನ್ನೊಂದು ಸಲಕ್ಕೆ ಕೊಪ್ಪಳ ಇಟ್ಟುಕೊಳ್ಳಿ. ಗವಿಮಠದ ಬೆಟ್ಟದ ಶಾಸನವೂ ಪಾಲ್ಕಿಗುಂಡಿನದೂ 1931ರಲ್ಲಿ ಬೆಳಕಿಗೆ ಬಂದವು. ಪಾಲ್ಕಿಗುಂಡಿನ ಅಕ್ಷರ ಬಹಳ ಸವೆದಿವೆ, ಸಣ್ಣವರಿಗೆ ಗವಿಮಠವೇ ಸಾಕು. ಜನವರಿಯ ಜಾತ್ರೆಯ ದಿನಗಳಲ್ಲಿ ಮಾತ್ರ ಹೋಗಬೇಡಿ, ಆ ಜನಸಾಗರದಲ್ಲಿ ಶಾಸನ ನೋಡಲಾಗದು.

ವಿಜಯಪುರ ಜಿಲ್ಲೆಯ ಇಂಡಿ, ಆಲಮೇಲದ ಕಡೆಯ ಮಾಸ್ತರರು ಕಲಬುರಗಿ ಜಿಲ್ಲೆಯ ಸನ್ನತಿಗೆ ಹೋಗುವುದು ಒಳ್ಳೆಯದು. ನಿಮ್ಮ ಹೊಲದ ಅಂಚಿಗೆ ಹರಿಯುವ ಭೀಮೆಯೇ ಅಲ್ಲಿಗೂ ಹೋಗುತ್ತಾಳೆ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಎರಡೂ ಮೈಗೆ ಅಶೋಕನ ಶಾಸನ ಕಂಡಿತು. ಮೂರ್ತಿ ನಿಲ್ಲಿಸಲು ನಡುವೆ ಚೌಕಾಕಾರದ ತೂತು ಕೊರೆದಿದ್ದಾರೆ, ಅಕ್ಷರಗಳು ಆ ತೂತಿನಲ್ಲಿ ಹೋಗಿವೆ. ಸಿಟ್ಟಾಗಬೇಡಿ, ಪೀಠವಾಗಿ ಪೂಜೆಗೆ ಕೂತದ್ದಕ್ಕೇ ಉಳಿದದ್ದೂ ಹೌದು. ಪಕ್ಕದ ಕನಗನಹಳ್ಳಿಯ ಸ್ತೂಪದ ಚಪ್ಪಡಿಯಲ್ಲಿ ರಾಣಿಯ ಜೊತೆ ನಿಂತ ರಾಜನಿದ್ದಾನೆ, ಛತ್ರ ಹಿಡಿದವರಿದ್ದಾರೆ, ಕೆತ್ತಿದವನು ‘ರಾಯೋ ಅಸೋಕೋ’ ಅಂತ ಹೆಸರನ್ನೂ ಬರೆದಿದ್ದಾನೆ. ನಾಲ್ಕು ಅಕ್ಷರ ಕಲಿತ ಮಗು ಇದನ್ನು ಹೆಚ್ಚೂಕಡಿಮೆ ತಾನೇ ಓದುತ್ತದೆ. ‘ರ’ ಬರೀ ಒಂದು ನೆಟ್ಟಗೆರೆ, ಅದೊಂದನ್ನು ಹೇಳಿಕೊಡಿ.

ಕಲ್ಲಿನ ಮುಂದೆ ಅರ್ಥವನ್ನೂ ಹೇಳಬೇಕು. ಎಲ್ಲ ಹೇಳಲು ಹೋದರೆ ಮಕ್ಕಳು ಬಸ್ಸಿನ ಕಡೆ ನೋಡುತ್ತಾರೆ. ನಾನು ಎರಡನ್ನೇ ಆರಿಸಿಕೊಂಡಿದ್ದೇನೆ. ಒಂದು, ಧರ್ಮದಲ್ಲಿ ನಡೆದರೆ ಸಿಗುವ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರೂ ಶ್ರಮಪಟ್ಟರೆ ಪಡೆಯಬಲ್ಲರು ಅನ್ನುವ ಮಾತು. ಅಲ್ಲಿ ಸಣ್ಣವರಿಗೆ ಇರುವ ಪದ ‘ಖುದಕ’. ಎರಡನೆಯದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯದು: ತಾಯಿತಂದೆಯ ಮಾತು ಕೇಳಬೇಕು, ಜೀವಿಗಳಿಗೆ ದಯೆ ತೋರಬೇಕು, ಸತ್ಯ ನುಡಿಯಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು. ಆ ಶಾಸನದ ಕೊನೆಗೆ ಅದನ್ನು ಬರೆದ ಚಪಡ ತನ್ನ ಹೆಸರು ಹಾಕಿ, ‘ಲಿಪಿಕರ’ ಅನ್ನುವ ಪದವನ್ನು ಮಾತ್ರ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅಷ್ಟು ದೂರದ ಅಕ್ಷರ ಕಲಿತವನೊಬ್ಬ ನಮ್ಮ ಬಂಡೆಯ ಮೇಲೆ ಕೂತು ಬರೆದ ಅನ್ನುವುದು ಮಕ್ಕಳಿಗೆ ರಾಜನಿಗಿಂತ ಹೆಚ್ಚು ಹಿಡಿಸುತ್ತದೆ. ನನಗೂ.

ಹೋದ ಸಲ ಮಸ್ಕಿಯಲ್ಲಿ ಎರಡನೇ ಗುಂಪಿನಲ್ಲಿದ್ದ ಒಬ್ಬ ಹುಡುಗಿ, ತರಗತಿಯಲ್ಲಿ ಓದು ಅಂದರೆ ತಲೆ ತಗ್ಗಿಸುವವಳು, ಟಾರ್ಚಿನ ಬೆಳಕಿನಲ್ಲಿ ಗಾಳಿಯಲ್ಲೇ ಬೆರಳಾಡಿಸುತ್ತಾ ನಿಂತಳು. ಅಡ್ಡಗೆರೆ, ನೆಟ್ಟಗೆರೆ. ಆಮೇಲೆ ಕೊಂಬಿನ ಗೀಟು. “ಅಕ್ಕಾರ, ಸೋ ಐತ್ರಿ… ಇಕಾ ಕ ಐತಿ.” ಉಳಿದವರು ಸುಮ್ಮನಾದರು. ಅವಳು ಮತ್ತೆ ಎಡಕ್ಕೆ ಸರಿದು, ಮೊದಲಿನಿಂದ, ಒಂದೊಂದೇ ಅಕ್ಷರ ಹಿಡಿದು ಗಟ್ಟಿಯಾಗಿ ಓದಿದಳು: ಅ, ಸೋ, ಕ, ಸ.